ಕಿರಿಯವನ ಹೆಸರು

ಎಲ್ಕ್ ಗ್ರೋವ್ ವಿಲೇಜಿನ ಆ ಅಜ್ಜಿಯ ಅಡುಗೆಮನೆಯಲ್ಲಿ ಯಾವ ವಾದವೂ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ. ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಗಳು ಅವರ ಮನೆಯ ನೆತ್ತಿಯ ಮೇಲೆಯೇ ಹಾದುಹೋಗುತ್ತವೆ. ಸದ್ದು ಬಂದ ಕೂಡಲೇ ಅಜ್ಜಿ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕಾಯುವರು. ಸದ್ದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವರು. ನನಗೆ ಆ ಬಿಡುವು ಬಹಳ ಉಪಯೋಗಕ್ಕೆ ಬರುತ್ತಿತ್ತು. ಅಷ್ಟರಲ್ಲಿ ನನ್ನ ಎದುರು ಮಾತು ಸಿದ್ಧವಾಗಿರುತ್ತಿತ್ತು.

ಅವರು ನನ್ನ ಸ್ವಂತ ಅಜ್ಜಿಯಲ್ಲ, ಅಕ್ಕನ ಗಂಡನ ಅಜ್ಜಿ. ಐರ್ಲೆಂಡಿನಿಂದ ಬಂದ ಮನೆತನ. ನಾನು ಕೆಲಸ ಮಾಡುವ ಡೇಟಾ ಸೆಂಟರ್ ಅವರ ಮನೆಯಿಂದ ಮೂರು ಮೈಲಿಯೂ ಇಲ್ಲ. ನನ್ನ ಅಪ್ಪ ಅಮ್ಮ, ಅಕ್ಕ ಭಾವ ಎಲ್ಲರೂ ಡೆಟ್ರಾಯಿಟ್ ಕಡೆ, ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಹಾಗಾಗಿ ಶನಿವಾರಗಳಂದು ಅಜ್ಜಿಯನ್ನು ನೋಡಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕರ್ತವ್ಯವೆಂದು ಶುರುವಾದದ್ದು ಚಟವಾಯಿತು. ಏಕೆಂದರೆ ಅಜ್ಜಿ ಜಗಳಕ್ಕೆ ಸಿಗುತ್ತಿದ್ದರು. ಎಂಬತ್ತು ದಾಟಿದವರು ಸಾಮಾನ್ಯವಾಗಿ ಒಂದೋ ಸೋಲುತ್ತಾರೆ, ಇಲ್ಲವೇ ಮುನಿಸಿಕೊಳ್ಳುತ್ತಾರೆ. ಇವರು ಎರಡನ್ನೂ ಮಾಡುತ್ತಿರಲಿಲ್ಲ. ನನ್ನನ್ನು ಕರೆಯುತ್ತಿದ್ದದ್ದೇ "ಲಾಯರ್" ಎಂದು. ನಾನು ಲಾಯರ್ ಅಲ್ಲ. ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೂ ಡಿಬೇಟ್ ಮಾಡಿದವಳು, ಅಷ್ಟೆ. ಯಾವ ಪಕ್ಷ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವ ಆಟ ಅದು. ಎಂಟು ವರ್ಷ ಹಾಗೆ ಆಡಿದ ಮೇಲೆ ನಂಬುವುದಕ್ಕೂ ಗೆಲ್ಲುವುದಕ್ಕೂ ಇರುವ ವ್ಯತ್ಯಾಸ ಮಸುಕಾಗಿಬಿಡುತ್ತದೆ. ಅಜ್ಜಿಯ ಮಾತೆಲ್ಲ ಇಂಗ್ಲಿಷೇ. ನೆನಪಿನಲ್ಲಿ ಮಾತ್ರ ಅದು ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಅವರ ಊಟದ ಮೇಜಿನ ಮೇಲೆ ಸದಾ ಹರಡಿರುತ್ತಿದ್ದದ್ದು ಒಂದು ವಂಶವೃಕ್ಷ, ಅವರ ತವರಿನದು. ಬೇರಿನಲ್ಲಿ ಹದಿನೆಂಟನೆಯ ಶತಮಾನದ ಒಂದು ದೊಡ್ಡ ಮನೆ. ಕಣ್ಣಿಗೆ ಕಾಣುವಷ್ಟೂ ದೂರ ಅವರದೇ ಜಮೀನು. ಡಬ್ಲಿನ್ನಿನಲ್ಲಿ ಆಗ ಇದ್ದ ಪಾರ್ಲಿಮೆಂಟಿನಲ್ಲಿ ಅವರದೊಂದು ಕುರ್ಚಿ. ಮೊದಲ ಶನಿವಾರವೇ ನಾನು ಹುಬ್ಬೇರಿಸಿದ್ದೆ. ಅಮೆರಿಕದಲ್ಲಿ ವಂಶ ಹುಡುಕುವವರಿಗೆಲ್ಲ ಕೊನೆಗೆ ಒಬ್ಬ ಜಮೀನ್ದಾರನೇ ಸಿಗುತ್ತಾನೆ. ಅವನ ಕುದುರೆ ತೊಳೆಯುತ್ತಿದ್ದವನು ಯಾರಿಗೂ ಸಿಗುವುದಿಲ್ಲ.

"ಪೂರ್ತಿ ಕೇಳು ಲಾಯರ್, ಆಮೇಲೆ ಹುಬ್ಬೇರಿಸು," ಎಂದರು ಅಜ್ಜಿ. "ಆ ಕುರ್ಚಿ ನಮ್ಮದಲ್ಲ. ನಮ್ಮಿಂದ ಕಿತ್ತುಕೊಂಡವನದು."

ಕಥೆ ಇಷ್ಟು. ಆ ಕಾಲದ ಕಾನೂನಿನ ಪ್ರಕಾರ ಕ್ಯಾಥೊಲಿಕ್ ಅಪ್ಪನ ಜಮೀನು ಗಂಡುಮಕ್ಕಳೆಲ್ಲರಿಗೂ ಸಮನಾಗಿ ಹಂಚಿಹೋಗಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹಿರಿಯ ಮಗ ಸರ್ಕಾರದ ಪ್ರಾಟೆಸ್ಟಂಟ್ ಚರ್ಚಿಗೆ ಸೇರಿಕೊಂಡರೆ ಇಡೀ ಜಮೀನು ಅವನೊಬ್ಬನಿಗೇ. ಕ್ಯಾಥೊಲಿಕ್ ಆಗಿದ್ದರೆ ಪಾರ್ಲಿಮೆಂಟಿನಲ್ಲಿ ಕೂರುವಂತೆಯೂ ಇಲ್ಲ. ಆ ಮನೆಯಲ್ಲಿ ಇದ್ದದ್ದು ಇಬ್ಬರು ಅಣ್ಣತಮ್ಮಂದಿರು. ಅಣ್ಣ ಒಂದು ಭಾನುವಾರ ಬೇರೆ ಚರ್ಚಿಗೆ ಹೋಗಿ ಬಂದ. ಜಮೀನೂ ಬಂತು, ಕುರ್ಚಿಯೂ ಬಂತು. ತಮ್ಮನಿಗೆ ಏನೂ ಉಳಿಯಲಿಲ್ಲ.

"ನಾವು ಆ ತಮ್ಮನ ಕಡೆಯವರು," ಎಂದರು ಅಜ್ಜಿ.

ಕೆಲವು ತಿಂಗಳ ಮೇಲೆ ಅಕ್ಕನಿಗೆ ಗಂಡು ಮಗು ಹುಟ್ಟಿತು. ಮೊದಲ ಹೆಸರು ಕನ್ನಡದ್ದು, ಎರಡನೆಯದು ಅಜ್ಜಿ ಆರಿಸಿದ್ದು ಎಂದು ಎರಡೂ ಮನೆಯವರು ಒಪ್ಪಿದ್ದರು. ಅಜ್ಜಿ ಆ ತಮ್ಮನ ಹೆಸರನ್ನು ಇಡಬೇಕೆಂದಿದ್ದರು. ಆದರೆ ಅವರಿಗೆ ಒಂದು ಅಳುಕು. ಮರದಲ್ಲಿ ಒಂದು ಕೊಂಡಿ ಸಡಿಲವಾಗಿತ್ತು. ಆ ಮನೆತನದಲ್ಲಿ ಹುಟ್ಟಿದ ಒಬ್ಬ ಪೂರ್ವಜ. ಅವನಿಂದ ಈಚೆಗೆ ಅಜ್ಜಿಯವರೆಗೂ ಎಲ್ಲ ಗಟ್ಟಿ. ಅವನ ಅಪ್ಪ ಆ ಇಬ್ಬರಲ್ಲಿ ಯಾರು ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಆ ದೇಶದ ಹಳೆಯ ಕಾಗದಪತ್ರ ಬಹುಪಾಲು ಸುಟ್ಟುಹೋಗಿದೆ.

"ನನ್ನ ಮಗ, ಸೊಸೆ ಎಲ್ಲ ನನ್ನ ವಯಸ್ಸು ನೋಡಿ ತಲೆಯಾಡಿಸ್ತಾರೆ. ನೀನು ಹಾಗಲ್ಲ. ಇದರಲ್ಲಿ ತೂತಿದ್ದರೆ ನೀನು ಹೇಳಬೇಕು," ಎಂದರು. "ಕದ್ದವನ ಮನೆಯವಳಾಗಿ ಕಳಕೊಂಡವನ ಹೆಸರನ್ನ ಮಗುವಿಗೆ ಇಡೋದು ಅಂದ್ರೆ ಎರಡನೇ ಸಲ ಕದ್ದ ಹಾಗೆ. ಅದು ನನಗೆ ಬೇಡ."

ನಾನು ಮಾತು ಕೊಟ್ಟೆ. ವಿಮಾನವೊಂದು ಹೋಯಿತು. ಇಬ್ಬರೂ ಕಾದೆವು.

ಉತ್ತರ ಸಿಕ್ಕಿದ್ದು ಅಜ್ಜಿಯೇ ಹೇಳಿದ ಒಂದು ರೂಢಿಯಿಂದ. ಈ ಮರದಲ್ಲಿ ಗಂಡಸರಿಗೆಲ್ಲ ಅವೇ ನಾಲ್ಕು ಹೆಸರು ಯಾಕೆ ಎಂದು ಕೇಳಿದ್ದೆ. "ಅದು ನಮ್ಮ ಪದ್ಧತಿ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು," ಎಂದರು.

"ನಮ್ಮಲ್ಲೂ ಹಾಗೇ!" ಎಂದು ನಾನು ಕೂಗಿಯೇ ಬಿಟ್ಟೆ. ನಮ್ಮ ಕಡೆಯ ಮನೆಗಳಲ್ಲಿ ಹಿರಿಮಗ ತನ್ನ ಅಜ್ಜನ ಹೆಸರು ಹೊತ್ತು ತಿರುಗುತ್ತಾನೆ. ಮಾವನ ಹೆಸರನ್ನು ಬಾಯಿಬಿಟ್ಟು ಕರೆಯಲಾಗದ ಸೊಸೆ ಮಗನನ್ನು ಪುಟ್ಟಾ ಎಂದೋ ರಾಜಾ ಎಂದೋ ಕರೆಯುತ್ತಾಳೆ. ಅಜ್ಜಿಗೆ ಇದೆಲ್ಲ ಹೇಳಿ, ಪೆನ್ಸಿಲ್ ತೆಗೆದುಕೊಂಡು ಆ ಸಡಿಲ ಕೊಂಡಿಯ ಕೆಳಗೆ ನೋಡಿದೆ. ಅವನ ಮೊದಲ ಮಗನಿಗೆ ಇದ್ದದ್ದು ಜಮೀನು ಕಳೆದುಕೊಂಡ ಆ ತಮ್ಮನ ಹೆಸರು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಎಂದಾದರೆ, ಅಜ್ಜ ಆ ತಮ್ಮನೇ. ಕೇಸ್ ಮುಗಿಯಿತು.

ಮುಂದಿನ ಭಾನುವಾರದ ಊಟಕ್ಕೆ ಅಜ್ಜಿಯ ಮಗ, ಅಂದರೆ ಭಾವನ ಅಪ್ಪ, ಬಂದಿದ್ದರು. ಆ ಅಂಕಲ್ ಆಲೂಗಡ್ಡೆ ಬಡಿಸಿಕೊಳ್ಳುತ್ತಾ, "ಅಮ್ಮಾ, ಈ ದೇಶದಲ್ಲಿ ಯಾವ ಐರಿಷರನ್ನ ಕೇಳಿದ್ರೂ ಬೀದಿಗೆ ಬಿದ್ದವರ ಮಕ್ಕಳು ಅಂತಾರೆ. ಬೀದಿಗೆ ತಳ್ಳಿದವರ ಮಕ್ಕಳು ಒಬ್ಬರೂ ಹಡಗು ಹತ್ತಲಿಲ್ವಾ?" ಎಂದರು.

ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ಅದು ನಾನು ಕೇಳಬೇಕಾಗಿದ್ದ ಪ್ರಶ್ನೆ. ಆದರೆ ಅಷ್ಟರಲ್ಲಿ ನನಗೆ ಪಕ್ಷ ಸಿಕ್ಕಿಯಾಗಿತ್ತು. ಹೆಸರಿಡುವ ಪದ್ಧತಿಯನ್ನು ಮೂರು ಅಂಶಗಳಾಗಿ ಒಡೆದು ಅವರ ಮುಂದಿಟ್ಟೆ. "ಎಲ್ಲರೂ ಪದ್ಧತಿ ಪಾಲಿಸ್ತಾರೆ ಅಂತ ಏನು ಗ್ಯಾರಂಟಿ?" ಎಂದರು. "ನನ್ನ ಮನೆಯೇ ಗ್ಯಾರಂಟಿ ಅಂಕಲ್. ನಾವು ಇನ್ನೂ ಪಾಲಿಸ್ತಿದೀವಿ. ಹೆಸರು ಸುಳ್ಳು ಹೇಳಲ್ಲ," ಎಂದೆ. ಅವರು ಕೈ ಮೇಲೆತ್ತಿ ಶರಣಾದರು. ಅಜ್ಜಿಯ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ನೋಡಿದೆಯಾ, ನನ್ನ ಲಾಯರ್," ಎಂದು ಮಗನಿಗೆ ಹೇಳಿ ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಹಾಕಿದರು. ಆ ವಾರವೇ ಬೆಳ್ಳಿಯ ಚಮಚವೊಂದಕ್ಕೆ ಮಗುವಿನ ಎರಡನೆಯ ಹೆಸರು ಕೆತ್ತಿಸಲು ಕೊಟ್ಟುಬಂದರು.

ಗೆಲುವನ್ನು ಯಾರಿಗಾದರೂ ಹೇಳಲೇಬೇಕಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಡಿಯರ್‌ಬಾರ್ನ್‌ನಲ್ಲಿ ಆಫೀಸು ಮುಗಿಸಿ ಮನೆಗೆ ಡ್ರೈವ್ ಮಾಡುತ್ತಿದ್ದರು. ಕಾರಿನ ಸ್ಪೀಕರಿನಲ್ಲಿ ನನ್ನ ಮಾತೇ ನನಗೆ ತಿರುಗಿ ಕೇಳಿಸುತ್ತಿತ್ತು. ಎಲ್ಲ ಹೇಳಿ, ಕೊನೆಗೆ ಸುಮ್ಮನೆ, "ಅಪ್ಪಾ, ನಿಂಗೂ ನಿನ್ನ ಅಜ್ಜನ ಹೆಸರೇ ತಾನೆ?" ಎಂದೆ.

ಇಂಡಿಕೇಟರಿನ ಟಿಕ್ ಟಿಕ್ ಸ್ವಲ್ಪ ಹೊತ್ತು ಕೇಳಿಸಿತು.

"ಅಲ್ಲವ್ವಾ. ಯಾರ ಹೇಳಿದ್ರು ನಿನಗ?"

"ಯಾರೂ ಹೇಳ್ಲಿಲ್ಲ. ನೀನು ಹಿರೀಮಗ, ಅದಕ್ಕೇ ಅಂದ್ಕೊಂಡಿದ್ದೆ."

"ನಂದು ನಮ್ಮ ಕಾಕಾನ ಹೆಸರು. ನಮ್ಮಪ್ಪನ ತಮ್ಮ."

ಅಪ್ಪ ವಿಜಯಪುರದ ಕಡೆಯವರು. ಇಷ್ಟು ವರ್ಷ ಮಿಶಿಗನ್ನಿನಲ್ಲಿದ್ದರೂ, ಮೈಸೂರಿನ ಅಮ್ಮನ ಜೊತೆ ಬಾಳಿದರೂ ಮಾತು ಬದಲಾಗಿಲ್ಲ. ಮನೆ ಮುಟ್ಟುವ ತನಕ ಹೇಳುತ್ತಲೇ ಹೋದರು. ನಾನು ನಡುವೆ ಬಾಯಿ ಹಾಕಲಿಲ್ಲ. ಅದೇ ಒಂದು ದಾಖಲೆ.

"ಕಾಕಾ ಸೊಲ್ಲಾಪುರದಾಗ ಗಿರಣ್ಯಾಗ ದುಡೀತಿದ್ದ. ಮದುವಿ ಆಗಿದ್ದಿಲ್ಲ. ಇಲ್ಲೆ ಮುತ್ಯಾ, ನಮ್ಮಪ್ಪನ ಅಪ್ಪ, ತೀರಿಹೋದ ಮ್ಯಾಲೆ ನಮ್ಮಪ್ಪ ಹೊಲಾ ಪೂರಾ ತನ್ನ ಹೆಸರಿಗೆ ಮಾಡ್ಕೊಂಡ. ಅಂವ ಊರಾಗ ಇಲ್ಲ, ಹೆಂಡ್ತಿ ಮಕ್ಳಿಲ್ಲ, ಅವಗ್ಯಾಕ ಹೊಲ ಅಂತ. ಹಬ್ಬಕ್ಕ ಬಂದಾಗ ಕಾಕಾಗ ಗೊತ್ತಾತು. ಜಗಳಾ ಮಾಡ್ಲಿಲ್ಲಂತ. ಉಂಡ, ಕೈ ತೊಳಕೊಂಡ, ಹೋದ. ತಿರುಗಿ ಬರಲೇ ಇಲ್ಲ. ಅಲ್ಲೇ ಸತ್ತ. ಆಮ್ಯಾಗ ನಾ ಹುಟ್ಟಿದೆ. ನಮ್ಮವ್ವ ಹಟಾ ಹಿಡದು ಕಾಕಾನ ಹೆಸರ ಇಡಿಸಿದ್ಲು."

"ಅಜ್ಜ ಒಪ್ಪಿದ್ರಾ?"

"ಒಪ್ಪಿದ. ಆದ್ರ ಒಂದ ದಿನಾನೂ ನನ್ನ ಹೆಸರ ಹಿಡದು ಕರೀಲಿಲ್ಲ. 'ಏ ಹುಡುಗಾ' ಅಂತಿದ್ದ, ಅಷ್ಟ. ಸಾಲ್ಯಾಗ ಮಾಸ್ತರು ಹಾಜರಿ ಕರದಾಗ ನನ್ನ ಹೆಸರ ನನಗ ಕೇಳ್ತಿತ್ತು ನೋಡು." ಅಪ್ಪ ನಕ್ಕರು. "ಆ ಹೊಲಾ ಮಾರೇ ನನ್ನ ಇಂಜಿನಿಯರಿಂಗ್ ಆತು. ಅದರಿಂದ ಈ ನೌಕರಿ. ನೀ ಡಿಬೇಟ್ ಕ್ಯಾಂಪಿಗೆ ಹೋಗ್ತಿದ್ದೆಲ್ಲ, ಅದೂ ಅದರಾಗ ಬಂದದ್ದ ಅನ್ನು. ಹಾಂ, ಮನಿ ಬಂತು. ಇಡ್ತೀನಿ."

ನಾನು ಫೋನ್ ಹಿಡಿದುಕೊಂಡು ಡೇಟಾ ಸೆಂಟರಿನ ಪಾರ್ಕಿಂಗ್ ಲಾಟಿನಲ್ಲಿ ನಿಂತೇ ಇದ್ದೆ. ಎರಡು ಹೊಡೆತ ಒಟ್ಟಿಗೆ ಬಿದ್ದಿದ್ದವು. ಮೊದಲನೆಯದು ನನ್ನ ನಾಲಿಗೆಯ ಬಗ್ಗೆ. ಯಾರದೋ ಹೊಲವನ್ನು ಮಾರಿ ಹರಿತ ಮಾಡಿದ ನಾಲಿಗೆ ಇದು. ಇದರಿಂದ ನಾನು ಇಷ್ಟು ವರ್ಷ ಸಮಾನತೆ, ನ್ಯಾಯ ಎಂದೆಲ್ಲ ವಾದಿಸಿ ಟ್ರೋಫಿ ತಂದಿದ್ದೆ. ಅದನ್ನು ಹೇಗೆ ನುಂಗಬೇಕೆಂದು ಇನ್ನೂ ಗೊತ್ತಿಲ್ಲ. ಎರಡನೆಯದು ಅಜ್ಜಿಯ ಬಗ್ಗೆ. ಹೆಸರು ಸುಳ್ಳು ಹೇಳುವುದಿಲ್ಲ ಎಂದಿದ್ದೆ. ಸರಿ, ಹೇಳುವುದಿಲ್ಲ. ಆದರೆ ಅದು ಹೇಳುತ್ತಿರುವುದು ಏನು? ನನ್ನ ಅಪ್ಪನ ಹೆಸರನ್ನು ಮಾತ್ರ ನೋಡಿದವರು ಅವರನ್ನು ಕಾಕಾನ ವಂಶದವರೆಂದು ಬರೆದುಕೊಳ್ಳುತ್ತಾರೆ. ಅವರು ಕಾಕಾನ ಹೊಲ ತಿಂದವನ ಮಗ. ಕಿತ್ತುಕೊಂಡವರ ಮನೆಯಲ್ಲೂ ಕಳೆದುಕೊಂಡವನ ಹೆಸರಿನ ಮಗು ಹುಟ್ಟುತ್ತದೆ. ಬಹುಶಃ ಅಲ್ಲಿಯೇ ಹೆಚ್ಚು ಹುಟ್ಟುತ್ತದೆ. ಆ ದೊಡ್ಡ ಮನೆಯಲ್ಲೂ ಹಾಗೆಯೇ ಆಗಿರಬಹುದು. ಅಣ್ಣನ ಮಗನೇ ತನ್ನ ಮಗನಿಗೆ ಚಿಕ್ಕಪ್ಪನ ಹೆಸರಿಟ್ಟಿರಬಹುದು. ನಾನು ಅಜ್ಜಿಗೆ ಕೊಟ್ಟ ಪುರಾವೆ ಎರಡೂ ಕಡೆ ತಿರುಗುವ ಬಾಗಿಲು. ಅದಕ್ಕೆ ಗ್ಯಾರಂಟಿ ಎಂದು ನನ್ನ ಮನೆಯನ್ನೇ ಒಡ್ಡಿದ್ದೆ, ಮನೆಯಲ್ಲಿ ಒಂದು ಮಾತು ಕೇಳದೆ.

ಅಕ್ಕನಿಗೆ ಹೇಳಿದೆ, ಪೂರ್ತಿ ಅಲ್ಲ; ಪುರಾವೆ ಗಟ್ಟಿಯಿಲ್ಲ ಎಂದಷ್ಟೇ.

"ಲೇ, ದಯವಿಟ್ಟು ಸುಮ್ನಿರು," ಎಂದಳು. "ಇನ್ನೊಂದು ವಾರಕ್ಕೆ ನಾಮಕರಣ. ಚಮಚಕ್ಕೆ ಹೆಸರು ಕೆತ್ತಿಸಿ ಆಗಿದೆ. ಆ ವಯಸ್ಸಿನವರ ಹತ್ರ ನಿನ್ನ ಡಿಬೇಟ್ ಬೇಕಾ?"

"ತೂತಿದ್ರೆ ಹೇಳು ಅಂತ ಅವರೇ ಕೇಳಿದ್ರು ಕಣೇ."

"ಕೇಳ್ತಾರಪ್ಪ. ನಾನೂ ಕೇಳ್ತೀನಿ, ದಪ್ಪ ಆಗಿದೀನಾ ಅಂತ."

ಅವಳ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ನಡುವಿನ ಶನಿವಾರ ಅಜ್ಜಿಯ ಮನೆಗೆ ಹೋದೆ, ಟೀ ಕುಡಿದೆ, ಹೇಳಲಿಲ್ಲ. ವಿಮಾನಗಳು ಬಂದಾಗಲೆಲ್ಲ ಖುಷಿಯಾಗುತ್ತಿತ್ತು. ಅಜ್ಜಿ ಅಣ್ಣನನ್ನು ಬೈಯುತ್ತಾ, ತಮ್ಮನನ್ನು "ನಮ್ಮ ಹುಡುಗ" ಎನ್ನುತ್ತಾ ಇದ್ದರು. ಆ "ನಮ್ಮ" ಎಂಬ ಪದವನ್ನು ಕೊಟ್ಟವಳು ನಾನು.

ನಾಮಕರಣಕ್ಕೆ ಅಜ್ಜಿಯನ್ನು ಕಾರಿನಲ್ಲಿ ಕರೆದೊಯ್ಯುವವಳೂ ನಾನೇ. ಮಿಶಿಗನ್ ಗಡಿ ದಾಟಿದಾಗ ಅವರು ಕೈಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. "ಪ್ರತಿಸಲ ಈ ರಾಜ್ಯ ನನ್ನ ಒಂದು ಗಂಟೆ ಕದಿಯುತ್ತೆ," ಎಂದರು. ಕದಿಯುವ ಮಾತು ಬಂದದ್ದಕ್ಕೋ ಏನೋ, ಕಲಮಜೂ ದಾಟುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅಪ್ಪನ ಹೆಸರು, ಕಾಕಾ, ಹೊಲ, ಕೈ ತೊಳೆದುಕೊಂಡು ಹೋದದ್ದು. ಆ ಸಲ ಅಂಶಗಳಾಗಿ ಒಡೆಯಲು ಬರಲಿಲ್ಲ. ಇಲ್ಲಿ ವಿಮಾನವೂ ಇರಲಿಲ್ಲ.

ಅಜ್ಜಿ ಮಡಿಲಲ್ಲಿದ್ದ ಚಮಚದ ಡಬ್ಬಿಯನ್ನೇ ನೋಡುತ್ತಿದ್ದರು.

"ಹಾಗಾದರೆ ಕೊಟ್ಟದ್ದನ್ನು ವಾಪಸ್ ತಗೊಂಡೆ."

"ಹೌದು."

"ಸಮಾರಂಭದ ಹಿಂದಿನ ದಿನ."

"ಹೌದು. ಕಳೆದ ಶನಿವಾರವೇ ಹೇಳಬೇಕಿತ್ತು. ನೀವು ನಗ್ತಾ ಇದ್ರಿ."

"ನಗುವವರಿಗೆ ಸುಳ್ಳು ಹೇಳಬಹುದು ಅಂತ ನಿಮ್ಮ ಡಿಬೇಟಿನಲ್ಲಿ ಹೇಳಿಕೊಡ್ತಾರಾ?"

ಅಜ್ಜಿ ಕನ್ನಡಕ ತೆಗೆದು, ಸೆರಗಿನಂತೆ ಹೊದ್ದಿದ್ದ ಸ್ಕಾರ್ಫಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

"ನಾನೂ ನಿನಗೆ ಒಂದು ವಿಷಯ ಹೇಳಿರಲಿಲ್ಲ," ಎಂದರು. "ಚಿಕ್ಕವಳಿದ್ದಾಗ ಊಟದ ಮೇಜಿನಲ್ಲಿ ನಾನು ಆ ಅಣ್ಣನನ್ನು ಬೈದರೆ ನಮ್ಮಪ್ಪ ಬಿಡ್ತಿರಲಿಲ್ಲ. ಅವನನ್ನ ಅನ್ನಬೇಡ, ಅವನೂ ನಮ್ಮವನೇ ಅಂತಿದ್ರು. ಕಳಕೊಂಡವನ ವಂಶದವನು ಹಾಗಂತಾನಾ? ಜೀವಮಾನ ಪೂರ್ತಿ ಆ ಪ್ರಶ್ನೆಯನ್ನ ಪಕ್ಕಕ್ಕೆ ಇಟ್ಟೇ ಬಂದೆ. ಈ ಹುಡುಗಿ ಹೇಗೂ ಎಲ್ಲವನ್ನೂ ಕೆದಕ್ತಾಳೆ, ಇದೊಂದನ್ನ ಅವಳಿಗೆ ಹೇಳದಿದ್ದರೆ ಸಾಕು ಅಂತ ನಿನ್ನ ಮುಂದೂ ಬಚ್ಚಿಟ್ಟೆ."

ಪಕ್ಕದ ಕಾರಿನ ಮಕ್ಕಳು ನಾಯಿಯನ್ನು ಹುಲ್ಲಿಗೆ ಇಳಿಸುತ್ತಿದ್ದರು.

"ನಿಮ್ಮ ತಂದೆಗೆ ಆ ಹೆಸರು ಇಷ್ಟವಾ?" ಎಂದರು ಅಜ್ಜಿ ಇದ್ದಕ್ಕಿದ್ದಂತೆ.

ಎಷ್ಟೊಂದು ತರ್ಕ ಮಾಡಿದ್ದೆ, ಇದನ್ನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ, ಹೊರಡು ಎಂದು ಕೈಸನ್ನೆ ಮಾಡಿದರು. ಫಾರ್ಮಿಂಗ್ಟನ್ ಹಿಲ್ಸ್ ತಲುಪುವ ತನಕ ಹೆಸರಿನ ಮಾತು ಎತ್ತಲಿಲ್ಲ. ಇಡುತ್ತಾರೋ ಬಿಡುತ್ತಾರೋ ಎಂದು ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಲಿವಿಂಗ್ ರೂಮಿನಲ್ಲಿ ಸೋಫಾಗಳನ್ನೆಲ್ಲ ಗೋಡೆಗೆ ತಳ್ಳಿ ತೊಟ್ಟಿಲು ಕಟ್ಟಿದ್ದರು. ಪುರೋಹಿತರು ಸಂಕಲ್ಪಕ್ಕೆ ಕುಳಿತು ಭಾವನ ಕಡೆ ತಿರುಗಿ, ಗೋತ್ರ ಯಾವುದು ಎಂದರು. ಭಾವ ಅಕ್ಕನನ್ನು ನೋಡಿದ. ಅಕ್ಕ ಅಮ್ಮನನ್ನು ನೋಡಿದಳು.

"ಅವರಿಗೆ ಗೋತ್ರ ಇಲ್ವಲ್ಲಾ ಜೋಯಿಸ್ರೇ," ಎಂದಳು ಅಮ್ಮ.

"ಪರವಾಗಿಲ್ಲಮ್ಮ. ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಗೋತ್ರ. ನಡೀತದೆ."

ಏನೆಂದರು ಎಂದು ಅಜ್ಜಿ ನನ್ನ ಕಿವಿಯಲ್ಲಿ ಕೇಳಿದರು. ಹೇಳಿದೆ. "ಇಷ್ಟು ತಲೆಮಾರು ಬರೆದಿಟ್ಟಿದ್ದೀನಿ, ಒಂದೇ ನಿಮಿಷದಲ್ಲಿ ಗೊತ್ತಿಲ್ಲದವರ ಪಟ್ಟಿಗೆ ಸೇರಿಸಿದ್ರಲ್ಲ," ಎಂದು ಕುಲುಕುಲು ನಕ್ಕರು. ಆಮೇಲೆ, "ಅವರು ಹೇಳಿದ್ದೂ ಸರಿಯೇ," ಎಂದರು.

ಅಕ್ಕಿ ಹರಡಿದ ಹರಿವಾಣದಲ್ಲಿ ಭಾವ ಉಂಗುರದಿಂದ ಮಗುವಿನ ಕನ್ನಡದ ಹೆಸರು ಬರೆದ. ಅಕ್ಕ ಅವನ ಕೈ ಹಿಡಿದು ಒತ್ತಕ್ಷರ ತಿದ್ದಿಸಿದಳು. ಹಿರಿಯರು ಒಬ್ಬೊಬ್ಬರಾಗಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಅಜ್ಜಿಯ ಸರದಿ ಬಂತು. ಅವರು ತೊಟ್ಟಿಲಿನ ಅಂಚು ಹಿಡಿದು ನಿಂತರು, ಬಗ್ಗಲಿಲ್ಲ. ಅವರು ನನ್ನನ್ನು ದಾಟಿ ಅಪ್ಪನ ಕಡೆ ನೋಡಿದರು.

"ನಿಮ್ಮ ಮಗಳು ನನಗೆ ಹೇಳಿದಳು, ನೀವು ಯಾರ ಹೆಸರು ಹೊತ್ತಿದ್ದೀರಿ ಅಂತ," ಎಂದರು. "ಮೊದಲು ಅದನ್ನ ಪೂರ್ತಿ ಕೇಳಬಹುದಾ?"

ಈ ದೇಶದಲ್ಲಿ ಅಪ್ಪನ ಹೆಸರನ್ನು ಎಲ್ಲರೂ ಎರಡಕ್ಷರಕ್ಕೆ ಮೊಟಕು ಮಾಡಿದ್ದಾರೆ. ಅಮ್ಮ "ರೀ" ಎನ್ನುತ್ತಾಳೆ. ಅಪ್ಪ ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ಕೆಳಗಿಟ್ಟರು. ಸಾಲೆಯಲ್ಲಿ ಹಾಜರಿ ಕೂಗಿದಾಗ ಎದ್ದು ನಿಲ್ಲುವ ಹುಡುಗನ ಹಾಗೆ ನೆಟ್ಟಗೆ ನಿಂತು, ಪೂರ್ತಿ ಹೆಸರು ಹೇಳಿದರು. ಅಜ್ಜಿ ತೊದಲುತ್ತಾ ಅದನ್ನು ತಿರುಗಿ ಹೇಳಿದರು. "ನಿಮಗೆ ಈ ಹೆಸರು ಇಷ್ಟವಾ?"

"ಇದು ನಂದಲ್ಲ," ಎಂದರು ಅಪ್ಪ ಇಂಗ್ಲಿಷಿನಲ್ಲಿ. "ಆದರೆ ಇಟ್ಟಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಅವನನ್ನ ಯಾರೂ ಕರೀತಿರಲಿಲ್ಲ."

ಅಜ್ಜಿ ಬಗ್ಗಿದರು. ಮಗುವಿನ ಕಿವಿಯಲ್ಲಿ ಆ ತಮ್ಮನ ಹೆಸರು ಹೇಳಿದರು. ಹೆಸರಿನ ಹಿಂದೆಯೇ ಇನ್ನೂ ಒಂದು ಮಾತು ಹೇಳಿದ್ದು ಹತ್ತಿರವಿದ್ದ ನನಗೆ ಕೇಳಿಸಿತು: "ನಾವು ಅವನವರೋ, ಅವನಿಂದ ತಗೊಂಡವರೋ ಗೊತ್ತಿಲ್ಲ ಮರೀ. ಎರಡನ್ನೂ ನೆನಪಿಟ್ಟುಕೋ." ಮಗು ಆಕಳಿಸಿತು. ಎಲ್ಲರೂ ಅಕ್ಷತೆ ಹಾಕಿದರು.

ನನಗೆ ಹಗುರವಾಗಬೇಕಿತ್ತು. ಆದರೆ ಅಷ್ಟರಲ್ಲಿ ಅಮ್ಮನ ಮುಖ ಕಾಣಿಸಿತು. ಅವಳ ಕೈಯಲ್ಲಿ ಆರತಿ ತಟ್ಟೆ ಹಾಗೇ ಇತ್ತು.

"ಯಾರ ಹೆಸರ್ರೀ ಅದು?" ಎಂದು ಮೆಲ್ಲಗೆ ಅಪ್ಪನನ್ನು ಕೇಳುತ್ತಿದ್ದಳು. "ನಿಮ್ಮಜ್ಜಂದು ಅಂತಲ್ವಾ ನಂಗೆ ಹೇಳಿದ್ದು?"

ಅಪ್ಪ ಬಗ್ಗಿ ಹೂವಿನ ತಟ್ಟೆ ಎತ್ತಿಕೊಂಡರು. ಆಮೇಲೆ ಹೇಳ್ತೀನಿ ಎನ್ನುವಂತೆ ಕಣ್ಣು ತಗ್ಗಿಸಿದರು. ಮದುವೆಯಾಗಿ ಮೂವತ್ತು ವರ್ಷ ಅವಳಿಗೆ ಹೇಳದೆ ಇದ್ದದ್ದನ್ನು ಅಪ್ಪ ಟ್ರಾಫಿಕ್‌ನಲ್ಲಿ ನನಗೆ ಹೇಳಿದ್ದರು. ನಾನು ಅದನ್ನು ನನ್ನ ಅಳುಕು ಕಳೆದುಕೊಳ್ಳಲು ರೆಸ್ಟ್ ಏರಿಯಾದಲ್ಲಿ ಅಜ್ಜಿಯ ಮಡಿಲಿಗೆ ಸುರಿದಿದ್ದೆ. ಅಮ್ಮನಿಗೆ ಗೊತ್ತಿದೆಯೇ ಎಂದು ಕೇಳುವುದು ಈ ಸಲವೂ ನನಗೆ ಹೊಳೆದಿರಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

ಇದಕ್ಕೆ ಎರಡು ಪಕ್ಷವಿರಲಿಲ್ಲ.

"ಗೊತ್ತಿತ್ತಮ್ಮ," ಎಂದೆ. ಅವಳ ಕೈಯಿಂದ ಆರತಿ ತಟ್ಟೆ ತೆಗೆದುಕೊಳ್ಳಲು ಹೋದೆ. ಅವಳು ಬಿಡಲಿಲ್ಲ.